ಕರಿ ಪುಡಿ, ಸೂಜಿಗಲ್ಲು, ನಮ್ಮ ಗಟಾರದ ಬಣ್ಣದ ನೀರು: ಈ ಯಂತ್ರಕ್ಕೆ ದುಡ್ಡು ಹಾಕಬಹುದಾ?

ಬಣ್ಣದಹಂಡೆ · ಸೋಮವಾರ ರಾತ್ರಿ 9:20

ಎಲ್ಲರಿಗೂ ನಮಸ್ಕಾರ. ಬೆಟಗೇರಿಯಲ್ಲಿ ನಮ್ಮದು ನೂಲಿಗೆ ಬಣ್ಣ ಹಾಕುವ ಸಣ್ಣ ಕೆಲಸ. ಅಪ್ಪನ ಕಾಲದಿಂದ ನಡೆದುಬಂದಿದೆ. ದಿನಕ್ಕೆ ಹೆಚ್ಚೂಕಡಿಮೆ 10 ಕೆಜಿ ಹತ್ತಿ ಲಡಿ. ಎರಡು ಹಂಡೆ, ಒಂದು ತೊಟ್ಟಿ, ನಾನು, ನನ್ನ ತಮ್ಮ, ಒಬ್ಬ ಆಳು. ಇಷ್ಟೇ ನಮ್ಮ ಕಾರ್ಖಾನೆ.

ಬಣ್ಣದ ನೀರು ಗಟಾರಕ್ಕೆ ಹೋಗುತ್ತದೆ. ಮುಚ್ಚಿಟ್ಟು ಏನು ಮಾಡುವುದು, ಓಣಿಯವರೆಲ್ಲ ನೋಡುತ್ತಾರೆ. ಗಟಾರ ಕೆಂಪಾದ ದಿನ "ಇವತ್ತು ದಡಿ ನೂಲು" ಅಂತ ಹುಡುಗರೇ ಹೇಳುತ್ತಾರೆ. ಈಗ ಹಿಂದಿನ ಮನೆಯ ಅಜ್ಜಿ ತಮ್ಮ ಬೋರ್ ನೀರು ಉಪ್ಪಾಯಿತು ಅಂತ ಜಗಳ ತೆಗೆದಿದ್ದಾರೆ. ಅವರು ಹೇಳುವುದು ಸುಳ್ಳು ಅನ್ನುವ ಧೈರ್ಯ ನನಗಿಲ್ಲ.

ವಿಷಯ ಇದು. ತಂಗಿಯ ಮಗಳು ಬಿಎಸ್ಸಿ ಓದುತ್ತಿದ್ದಾಳೆ. ಕಾಲೇಜಿನ ವಸ್ತು ಪ್ರದರ್ಶನಕ್ಕೆ ಹೋಗಿದ್ದೆ. ಗಾಜಿನ ಲೋಟದಲ್ಲಿ ಕೆಂಪು ನೀರು ಇಟ್ಟುಕೊಂಡಿದ್ದಳು. ಒಂದು ಚಿಟಿಕೆ ಕರಿ ಪುಡಿ ಹಾಕಿ ಅಲ್ಲಾಡಿಸಿದಳು. ಸ್ವಲ್ಪ ಹೊತ್ತು ಬಿಟ್ಟು ಲೋಟದ ಪಕ್ಕಕ್ಕೆ ಸೂಜಿಗಲ್ಲು ಹಿಡಿದಳು. ಪುಡಿಯೆಲ್ಲ ಆ ಕಡೆ ಹೋಗಿ ಅಂಟಿತು, ನೀರು ತಿಳಿಯಾಯಿತು. ಮೂವತ್ತು ವರ್ಷ ಬಣ್ಣದಲ್ಲಿ ಕೈ ಅದ್ದಿದವನು ನಾನು, ಬಾಯಿ ಬಿಟ್ಟುಕೊಂಡು ನಿಂತುಬಿಟ್ಟೆ. ಅದಕ್ಕೆ ನ್ಯಾನೋ ಕಣ ಅಂತ ಹೆಸರಂತೆ.

ಇದನ್ನು ನಾಲ್ಕು ಜನರ ಮುಂದೆ ಹೇಳಿದ್ದೇ ತಪ್ಪಾಯಿತು. ಒಬ್ಬ ಮಾರುವವನು ಬಾಗಿಲಿಗೇ ಬಂದ. "ಮ್ಯಾಗ್ನೆಟಿಕ್ ನ್ಯಾನೋ ಯಂತ್ರ, 1 ಲಕ್ಷ 80 ಸಾವಿರ, ನೀರು ಕುಡಿಯುವಷ್ಟು ಶುದ್ಧ" ಅನ್ನುತ್ತಾನೆ. ಅರ್ಧ ದುಡ್ಡು ಮುಂಗಡ ಕೇಳುತ್ತಿದ್ದಾನೆ. ತಿಳಿದವರು ಹೇಳಿ. ಹಾಕಲಾ, ಬೇಡವಾ?

ಗಿರ್ಮಿಟ್‌ಎರಡುಪ್ಲೇಟ್ · 9:31

ಮುಂಗಡ ಅಂದ ಕೂಡಲೇ ಬೇಡ. ಮಿಕ್ಕಿದ್ದು ಆಮೇಲೆ ಚರ್ಚೆ ಮಾಡೋಣ.

ಉಣಕಲ್‌ವಾಕರ್ · 9:40

ಸೂಜಿಗಲ್ಲಿನ ವ್ಯಾಪಾರ ನನಗೆ ಚೆನ್ನಾಗಿ ಗೊತ್ತು. ನಮ್ಮ ಅತ್ತೆಯವರು ಸೂಜಿಗಲ್ಲು ಕೂರಿಸಿದ ನೀರಿನ ಜಗ್ ತಗೊಂಡಿದ್ದರು. ಆ ನೀರು ಕುಡಿದರೆ ಮಂಡಿನೋವು ಹೋಗುತ್ತದೆ ಅಂತ. ಜಗ್ ಹೋಯಿತು, ನೋವು ಇನ್ನೂ ಇದೆ. ಇದೂ ಅದರ ತಮ್ಮನೇ. ವಿಜ್ಞಾನದ ಹೆಸರಲ್ಲಿ ಟೋಪಿ.

ಸಾಧನಕೇರಿಮಳೆ · 10:05

ವಾಕರ್ ಸರ್, ಎರಡೂ ಒಂದೇ ಅಲ್ಲ. ನೀರಿನ ಪಕ್ಕದಲ್ಲಿ ಸೂಜಿಗಲ್ಲು ಇಟ್ಟು ಕುಡಿಯುವುದು ಟೋಪಿಯೇ, ಒಪ್ಪುತ್ತೇನೆ. ಆದರೆ ಆ ಹುಡುಗಿ ತೋರಿಸಿದ್ದು ನಿಜವಾದ ರಸಾಯನಶಾಸ್ತ್ರ. ನಾನು ಧಾರವಾಡದಲ್ಲಿ ಕೆಮಿಸ್ಟ್ರಿ ಪಾಠ ಮಾಡುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ, ಸಹಿಸಿಕೊಳ್ಳಿ.

ಆ ಕರಿ ಪುಡಿ ಮ್ಯಾಗ್ನೆಟೈಟ್. ಕಬ್ಬಿಣ ಮತ್ತು ಆಕ್ಸಿಜನ್ ಸೇರಿದ್ದು, ತುಕ್ಕಿನ ಅಣ್ಣ ಅನ್ನಿ. ಕಬ್ಬಿಣದ ಉಪ್ಪುಗಳಲ್ಲಿ ಎರಡು ಬಗೆ: ಫೆರಸ್ ಉಪ್ಪು ಒಂದು ಪಾಲು, ಫೆರಿಕ್ ಉಪ್ಪು ಎರಡು ಪಾಲು ಬೆರೆಸಿ, ಬಿಸಿ ಮಾಡುತ್ತಾ ಅಮೋನಿಯಾ ಹಾಕಿದರೆ ಕಣ್ಣ ಮುಂದೆಯೇ ಕಪ್ಪಾಗಿ ಇಳಿಯುತ್ತದೆ. ಒಂದೊಂದು ಕಣ 10 ನ್ಯಾನೋಮೀಟರ್ ಆಸುಪಾಸು. ಕೂದಲಿನ ದಪ್ಪ 80 ಸಾವಿರದಿಂದ 1 ಲಕ್ಷ ನ್ಯಾನೋಮೀಟರ್ ಇರುತ್ತದೆ, ಲೆಕ್ಕ ಹಾಕಿಕೊಳ್ಳಿ.

ಇಷ್ಟು ಸಣ್ಣದು ಯಾಕೆ ಬೇಕು? ಬಣ್ಣ ಅಂಟುವುದು ಕಣದ ಮೈಗೆ. ಸಣ್ಣದಾದಷ್ಟೂ ಮೈ ಜಾಸ್ತಿ. 10 ನ್ಯಾನೋಮೀಟರ್ ಕಣಗಳ ಒಂದು ಗ್ರಾಂ ಪುಡಿ ತಗೊಂಡರೆ ಅದರ ಒಟ್ಟು ಮೈ ಸುಮಾರು 115 ಚದರ ಮೀಟರ್. ನಮ್ಮ ಲೆಕ್ಕದಲ್ಲಿ ಒಂದು ಗುಂಟೆಗಿಂತ ತುಸು ಜಾಸ್ತಿ. ಒಂದು ಚಿಟಿಕೆಯಲ್ಲಿ ಒಂದು ಗುಂಟೆ ಜಾಗ!

ಇನ್ನೊಂದು ಗುಣ ನನಗೆ ಇದಕ್ಕಿಂತ ಇಷ್ಟ. ಮೊಳೆಯನ್ನು ಸೂಜಿಗಲ್ಲಿಗೆ ತಿಕ್ಕಿದರೆ ಮೊಳೆಯೂ ಸ್ವಲ್ಪ ಹೊತ್ತು ಸೂಜಿಗಲ್ಲಾಗುತ್ತದೆ, ಅಲ್ವಾ? ಈ ಕಣಗಳು ಹಾಗಲ್ಲ. ಸೂಜಿಗಲ್ಲು ಹತ್ತಿರ ಇದ್ದಾಗ ಓಡಿಬರುತ್ತವೆ. ದೂರ ಸರಿಸಿದ ಕೂಡಲೇ ಎಲ್ಲ ಮರೆತು ಮತ್ತೆ ನೀರಲ್ಲಿ ಹರಡುತ್ತವೆ. ಆದ್ದರಿಂದ ತೊಳೆದು ಮತ್ತೆ ಬಳಸಬಹುದು. ಇದ್ದಿಲ ಪುಡಿಯೂ ಬಣ್ಣ ಹೀರುತ್ತದೆ. ಆದರೆ ಅಷ್ಟು ಸಣ್ಣ ಪುಡಿಯನ್ನು ನೀರಿನಿಂದ ಮತ್ತೆ ಹೊರಗೆ ತೆಗೆಯುವುದೇ ಗೋಳು. ಇಲ್ಲಿ ಆ ಗೋಳು ತಪ್ಪುತ್ತದೆ.

ಇಷ್ಟು ಹೊಗಳಿದ ಮೇಲೂ ಹೇಳುತ್ತೇನೆ: ಬಣ್ಣದಹಂಡೆ ಅವರೇ, ಈಗಲೇ ದುಡ್ಡು ಕೊಡಬೇಡಿ. ಯಾವ ಬಣ್ಣ ಬಳಸುತ್ತೀರಿ, ಉಪ್ಪು ಎಷ್ಟು ಹಾಕುತ್ತೀರಿ, ಮೊದಲು ಅದನ್ನು ಹೇಳಿ.

ಡಬ್ಬಿಮೆಣಸಿನಕಾಯಿ · 10:12

ಮೇಡಂ, ಹಾಗಾದರೆ ಬಣ್ಣದಲ್ಲೂ ಕಬ್ಬಿಣ ಇದೆಯಾ? ಇಲ್ಲದಿದ್ದರೆ ಸೂಜಿಗಲ್ಲು ಹೇಗೆ ಎಳೆಯುತ್ತದೆ?

ಸಾಧನಕೇರಿಮಳೆ · 10:16

ಸೂಜಿಗಲ್ಲು ಬಣ್ಣವನ್ನು ಎಳೆಯುವುದಿಲ್ಲ, ಪುಡಿಯನ್ನು ಎಳೆಯುತ್ತದೆ. ಬಣ್ಣ ಪುಡಿಯ ಬೆನ್ನು ಹತ್ತಿ ಹೋಗುತ್ತದೆ, ಬಸ್ಸಿಗೆ ಜೋತುಬಿದ್ದ ಹಾಗೆ.

ಡಬ್ಬಿಮೆಣಸಿನಕಾಯಿ · 10:18

ಬ್ಯಾಡಗಿ ಸಂತೆ ದಿನದ ಬಸ್ಸು. ತಿಳಿಯಿತು.

ಎಮ್ಮೆಸ್ಸಿಮುಗೀತು · 10:50

ನನ್ನ ಎಮ್ಮೆಸ್ಸಿ ಪ್ರಾಜೆಕ್ಟ್ ಇದೇ. ಆರು ತಿಂಗಳು ಕೈ, ಏಪ್ರನ್, ಮೊಬೈಲ್ ಕವರ್ ಎಲ್ಲ ಕಪ್ಪು. ನಿಜ ಏನಾಯಿತು ಅಂತ ಹೇಳುತ್ತೇನೆ, ಥೀಸಿಸ್‌ನಲ್ಲಿ ಸ್ವಲ್ಪ ನಯವಾಗಿ ಬರೆದಿದ್ದೆ.

ಡಿಸ್ಟಿಲ್ಡ್ ನೀರಿಗೆ ಒಂದೇ ಒಂದು ಬಣ್ಣ ಕರಗಿಸಿ ಮಾಡಿದಾಗ ಫಲಿತಾಂಶ ಚಿನ್ನ. ಗೈಡ್ ಖುಷಿ, ನಾನೂ ಖುಷಿ. ಆಮೇಲೆ ಒಬ್ಬರು "ನಿಜವಾದ ಬಣ್ಣದ ಮನೆಯ ನೀರು ತಂದು ಮಾಡು" ಅಂದರು. ಕ್ಯಾನಿನಲ್ಲಿ ತಂದೆ. ಅದೇ ಪುಡಿ, ಅದೇ ಸೂಜಿಗಲ್ಲು. ಬಣ್ಣ ಅರ್ಧವೂ ಇಳಿಯಲಿಲ್ಲ. ಎರಡು ದಿನ ಊಟ ಸೇರಲಿಲ್ಲ.

ಕಾರಣ ಪಿಎಚ್, ಅಂದರೆ ನೀರಿನ ಹುಳಿ-ಕ್ಷಾರದ ಅಳತೆ. 7ಕ್ಕಿಂತ ಕೆಳಗೆ ಹುಳಿ, ಮೇಲೆ ಕ್ಷಾರ. ಮ್ಯಾಗ್ನೆಟೈಟಿನ ಮೈಯ ವಿದ್ಯುತ್ ಗುಣ ಪಿಎಚ್ 7ರ ಆಸುಪಾಸಿನಲ್ಲಿ ತಿರುಗುತ್ತದೆ. ಅದಕ್ಕಿಂತ ಕೆಳಗೆ ಧನ, ಮೇಲೆ ಋಣ. ಹತ್ತಿಗೆ ಹಾಕುವ ರಿಯಾಕ್ಟಿವ್ ಬಣ್ಣಗಳೂ ಋಣ. ವಾಷಿಂಗ್ ಸೋಡಾ ಹಾಕಿದ ಬಣ್ಣದ ನೀರು ಪಿಎಚ್ 10, 11 ಇರುತ್ತದೆ. ಪುಡಿಯೂ ಋಣ, ಬಣ್ಣವೂ ಋಣ. ಒಂದನ್ನೊಂದು ದೂಡುತ್ತವೆ. ಆಸಿಡ್ ಹಾಕಿ ಪಿಎಚ್ ಇಳಿಸಬೇಕು, ಇಲ್ಲಾ ಪುಡಿಗೆ ಬೇರೆ ಹೊದಿಕೆ ಕೊಡಬೇಕು. ನಾನು ಕೈಟೋಸಾನ್ ಅನ್ನುವ, ಧನ ಗುಣದ ಪದಾರ್ಥ ಹೊದಿಸಿದೆ, ಆಸಿಡ್ಡನ್ನೂ ಹಾಕಿದೆ. ಆಗ ಸುಧಾರಿಸಿತು, ಆದರೆ ಖರ್ಚು ಏರಿತು.

ಮತ್ತೆ ಆಸಿಡ್ ಜಾಸ್ತಿ ಆದರೆ ಪುಡಿಯೇ ಕರಗಿ ನೀರಿಗೆ ಕಬ್ಬಿಣ ಬಿಡುತ್ತದೆ. ಅದನ್ನೂ ಅನುಭವಿಸಿ ಕಲಿತೆ.

ಬಣ್ಣದಹಂಡೆ · ಮಂಗಳವಾರ ಬೆಳಗ್ಗೆ 6:45

ಮೇಡಂ ಕೇಳಿದ್ದಕ್ಕೆ ಉತ್ತರ. ಈಗ ಬಹುಪಾಲು ರಿಯಾಕ್ಟಿವ್ ಬಣ್ಣ. ಗಿರಾಕಿ ಕೇಳಿದರೆ ಕೆಲವೊಮ್ಮೆ ವ್ಯಾಟ್ ಅನ್ನುವ ಇನ್ನೊಂದು ಬಗೆ, ಅದನ್ನು ಕರಗಿಸಲು ಕಾಸ್ಟಿಕ್ ಸೋಡಾ ಮತ್ತು ಹೈಡ್ರೋಸ್ ಪುಡಿ ಹಾಕಿ. 10 ಕೆಜಿ ನೂಲಿಗೆ 200 ಲೀಟರ್ ಹಂಡೆ ನೀರು. ಬಣ್ಣ ಸುಮಾರು 200 ಗ್ರಾಂ. ಉಪ್ಪು ಲೀಟರಿಗೆ 50 ಗ್ರಾಂ, ಸೋಡಾ 15 ಗ್ರಾಂ. ಆಮೇಲೆ ಎರಡು ಮೂರು ಸಲ ತೊಳೆಯುವುದು, ಎಲ್ಲ ಸೇರಿ ದಿನಕ್ಕೆ 600 ಲೀಟರ್ ಹೊರಗೆ ಹೋಗುತ್ತದೆ. ಪಿಎಚ್ ಎಂದೂ ನೋಡಿಲ್ಲ. ನಾಲಿಗೆಗೆ ಜಾರುವ ಸೋಪಿನ ರುಚಿ ಬರುತ್ತದೆ (ಅಪ್ಪ ಹಾಗೆ ನೋಡುತ್ತಿದ್ದರು, ನಾನು ಬಿಟ್ಟಿದ್ದೇನೆ).

ಹಳೇಪಂಪು · 8:10

ನೀರು ಸರಬರಾಜಿನ ಕೆಲಸದಲ್ಲಿ ಮೂವತ್ತೆರಡು ವರ್ಷ ಕಳೆದು ಈಗ ಹುಬ್ಬಳ್ಳಿಯಲ್ಲಿ ಮೊಮ್ಮಗನನ್ನು ಶಾಲೆಗೆ ಬಿಡುವ ಕೆಲಸ ಮಾಡುತ್ತಿದ್ದೇನೆ. ತಮ್ಮಾ, ನಿನ್ನ ಅಂಕಿಗಳನ್ನೇ ಇಟ್ಟುಕೊಂಡು ಕೂಡಿಸೋಣ.

ರಿಯಾಕ್ಟಿವ್ ಬಣ್ಣ ಪೂರ್ತಿ ನೂಲಿಗೆ ಹತ್ತುವುದಿಲ್ಲ. ಐದರಲ್ಲಿ ಒಂದು ಪಾಲಿನಿಂದ ಹಿಡಿದು ಅರ್ಧದವರೆಗೂ ನೀರಲ್ಲೇ ಉಳಿಯುವುದುಂಟು. 30 ಶೇಕಡಾ ಅಂತ ಹಿಡಿ. 200 ಗ್ರಾಮಿನಲ್ಲಿ 60 ಗ್ರಾಂ ಗಟಾರಕ್ಕೆ. 600 ಲೀಟರಿಗೆ 60 ಗ್ರಾಂ ಅಂದರೆ ಲೀಟರಿಗೆ 100 ಮಿಲಿಗ್ರಾಂ. ಪುಡಿ ಗ್ರಾಮಿಗೆ 50 ಮಿಲಿಗ್ರಾಂ ಬಣ್ಣ ಹಿಡಿಯುತ್ತದೆ ಅಂದುಕೊಂಡರೂ ದಿನಕ್ಕೆ 1 ಕೆಜಿ 200 ಗ್ರಾಂ ಪುಡಿ ಬೇಕು. ಲೋಟದಲ್ಲಿ ಚಿಟಿಕೆ, ನಿನ್ನ ತೊಟ್ಟಿಯಲ್ಲಿ ಕೆಜಿ.

ಈಗ ಉಪ್ಪು ನೋಡು. 200 ಲೀಟರಿಗೆ 50 ಗ್ರಾಂನಂತೆ 10 ಕೆಜಿ. ಸೋಡಾ 3 ಕೆಜಿ. ಉಪ್ಪು ನೂಲಿಗೆ ಹತ್ತುವುದೇ ಇಲ್ಲ. ಬಣ್ಣವನ್ನು ನೂಲಿನ ಕಡೆ ದೂಡಿ ಕೈತೊಳೆದುಕೊಂಡು ಹೊರಗೆ ಬರುತ್ತದೆ. 13 ಕೆಜಿಯನ್ನು 600 ಲೀಟರಿಗೆ ಹಂಚು. ಲೀಟರಿಗೆ 21 ಸಾವಿರ ಮಿಲಿಗ್ರಾಂ ದಾಟುತ್ತದೆ. ಕುಡಿಯುವ ನೀರಿನಲ್ಲಿ ಕರಗಿದ್ದೆಲ್ಲ ಸೇರಿ ಭಾರತೀಯ ಮಾನಕದಲ್ಲಿ 500ರೊಳಗೆ ಇರಬೇಕು, ಬೇರೆ ಗತಿಯೇ ಇಲ್ಲದಿದ್ದರೆ 2000ದೊಳಗೆ.

ಅಂದರೆ 60 ಗ್ರಾಂ ಬಣ್ಣದ ಹಿಂದೆ ಎಲ್ಲರೂ ಬಿದ್ದಿದ್ದೀರಿ. 13 ಕೆಜಿ ಉಪ್ಪು ಸೋಡಾ ಕಣ್ಣಿಗೆ ಕಾಣುವುದಿಲ್ಲ, ಅದನ್ನು ಕೇಳುವವರೇ ಇಲ್ಲ. ಕರಗಿದ ಉಪ್ಪನ್ನು ಮ್ಯಾಗ್ನೆಟೈಟ್ ಮುಟ್ಟುವುದೂ ಇಲ್ಲ. ಆ ಯಂತ್ರದಿಂದ ಕನ್ನಡಿಯಂಥ ನೀರು ಬರಬಹುದು. ಅಜ್ಜಿಯ ಬೋರ್ ಆಗಲೂ ಉಪ್ಪೇ. ನಿನ್ನ ಅಜ್ಜಿ ಬಣ್ಣ ಬಂತು ಅಂದರಾ, ಉಪ್ಪಾಯಿತು ಅಂದರಾ?

ಬಣ್ಣದಹಂಡೆ · 8:22

ಉಪ್ಪಾಯಿತು ಅಂದರು. ಬಣ್ಣದ ಮಾತೇ ಆಡಿಲ್ಲ.

ಗಿರ್ಮಿಟ್‌ಎರಡುಪ್ಲೇಟ್ · 8:40

1200 ಗ್ರಾಂ ಪುಡಿ. ಮೇಡಂ ಲೆಕ್ಕದಲ್ಲಿ ಗ್ರಾಮಿಗೆ ಒಂದು ಗುಂಟೆ. 40 ಗುಂಟೆಗೆ ಒಂದು ಎಕರೆ. ದಿನಾ 30 ಎಕರೆ ಗಟಾರಕ್ಕೆ ಹಾಕುವುದಾ ಅಣ್ಣಾ? ನಮ್ಮ ಇಡೀ ಮನೆತನಕ್ಕೆ ನಾಲ್ಕು ಎಕರೆ ಇಲ್ಲ.

ಉಣಕಲ್‌ವಾಕರ್ · 9:02

ನಾನು ಹೇಳಿದ್ದು ಇದನ್ನೇ. ಪ್ರಯೋಗಶಾಲೆಯ ಆಟ. ಪೇಪರ್ ಬರೆಯುತ್ತಾರೆ, ಪಿಎಚ್‌ಡಿ ತಗೊಳ್ಳುತ್ತಾರೆ, ಗಟಾರ ಹಾಗೇ ಇರುತ್ತದೆ.

ಹಳೇಪಂಪು · 9:30

ನಿಲ್ಲಿ, ನಿಲ್ಲಿ. ನಾನು ಹಾಗೆ ಹೇಳಲಿಲ್ಲ.

ಸೂಜಿಗಲ್ಲಿನಿಂದ ನೀರು ತಿಳಿ ಮಾಡುವುದು ಆಟ ಅಲ್ಲ. ಆಸ್ಟ್ರೇಲಿಯಾದಲ್ಲಿ ಸಿರೋಫ್ಲಾಕ್ ಅಂತ ಒಂದು ವಿಧಾನ ಬಂದಿತ್ತು. ಮ್ಯಾಗ್ನೆಟೈಟ್ ಪುಡಿಗೆ ನೀರಿನ ಕೆಸರು, ಬಣ್ಣ ಅಂಟಿಸಿ, ಸೂಜಿಗಲ್ಲಿನಿಂದ ಬೇಗ ಇಳಿಸಿ, ಕಾಸ್ಟಿಕ್‌ನಲ್ಲಿ ತೊಳೆದು ಮತ್ತೆ ಅದೇ ಪುಡಿ ಬಳಸುತ್ತಿದ್ದರು. ಊರಿಗೆ ಕುಡಿಯುವ ನೀರು ಕೊಟ್ಟ ಘಟಕಗಳು ಅವು. ಆಮೇಲೆ ಅಲ್ಲೇ ಸೂಜಿಗಲ್ಲಿನ ಗುಣ ಇರುವ ರಾಳದ ಮಣಿಗಳೂ ಬಂದವು. ಆದರೆ ಅವುಗಳ ಕಣ ಮೈಕ್ರಾನ್ ಲೆಕ್ಕದ್ದು (ಒಂದು ಮೈಕ್ರಾನ್ ಅಂದರೆ ಸಾವಿರ ನ್ಯಾನೋಮೀಟರ್). ನ್ಯಾನೋಗಿಂತ ನೂರಾರು, ಸಾವಿರಾರು ಪಟ್ಟು ದೊಡ್ಡದು, ಹಿಡಿಯುವುದು ಸುಲಭ.

ಲೋಟ ಮತ್ತು ತೊಟ್ಟಿಯ ಫರಕು ಇಲ್ಲೇ ಇದೆ. ಸೂಜಿಗಲ್ಲಿನ ಬಲ ದೂರ ಹೋದಷ್ಟೂ ಗಬಕ್ಕನೆ ಬೀಳುತ್ತದೆ. ಮೂರು ಬೆರಳು ಅಗಲದ ಲೋಟದಲ್ಲಿ ಸರಿ. ಮೂರು ಅಡಿ ತೊಟ್ಟಿಯ ನಡುವೆ ಇರುವ ಕಣಕ್ಕೆ ಅದು ಕೇಳಿಸುವುದೇ ಇಲ್ಲ. ಆದ್ದರಿಂದ ದೊಡ್ಡ ಯಂತ್ರಗಳಲ್ಲಿ ಉಕ್ಕಿನ ಎಳೆಗಳ ಉಂಡೆ ತುಂಬಿ, ಸುತ್ತ ಸೂಜಿಗಲ್ಲಿನ ಬಲ ಕೊಟ್ಟು, ನೀರನ್ನು ಅದರೊಳಗೆ ಹಾಯಿಸುತ್ತಾರೆ. ಒಂದೊಂದು ಎಳೆಯ ಹತ್ತಿರವೂ ಕಣ ಸಿಕ್ಕಿಬೀಳುತ್ತದೆ. ಪಿಂಗಾಣಿಯ ಬಿಳಿ ಮಣ್ಣಿನಿಂದ ಕಬ್ಬಿಣದ ಕಲೆ ತೆಗೆಯಲು 1970ರ ದಶಕದಿಂದ ಇದೇ ಮಾಡುತ್ತಿದ್ದಾರೆ. ನಿನ್ನ ಮಾರಾಟದವನನ್ನು ಕೇಳು, ಒಳಗೆ ಏನಿದೆ ಅಂತ. ಬಕೀಟಿನ ಹೊರಗೆ ನಾಲ್ಕು ಸೂಜಿಗಲ್ಲು ಅಂಟಿಸಿದ್ದರೆ ಚಹಾ ಕುಡಿಸಿ ಕಳಿಸು.

ಉಣಕಲ್‌ವಾಕರ್ · 9:41

ಆಸ್ಟ್ರೇಲಿಯಾ ಆಸ್ಟ್ರೇಲಿಯಾನೇ ಸರ್. ಇಲ್ಲಿ ನಮಗೆ ನಳದಲ್ಲಿ ನೀರು ಬರುವುದೇ ವಾರಕ್ಕೊಮ್ಮೆ.

ಹಳೇಪಂಪು · 9:43

ಆ ವಿಷಯಕ್ಕೆ ಬೇರೆ ಎಳೆ ತೆಗೆಯಿರಿ. ಅಲ್ಲಿ ಬಂದು ಬೈಸಿಕೊಳ್ಳುತ್ತೇನೆ.

ಲಡಿಲೆಕ್ಕ · ಮಧ್ಯಾಹ್ನ 1:15

ಗಜೇಂದ್ರಗಡದಿಂದ. ನಾನೂ ಬಣ್ಣದವನೇ, ವಯಸ್ಸು ಎಪ್ಪತ್ತರ ಮೇಲೆ. ಮೊಮ್ಮಗಳು ಟೈಪ್ ಮಾಡಿಕೊಡುತ್ತಿದ್ದಾಳೆ.

ಇಷ್ಟು ಓದಿದ ಮೇಲೆ ಒಂದು ಮಾತು. ಫೆರಸ್ ಫೆರಸ್ ಅಂತೀರಲ್ಲ, ಅದು ನಮ್ಮ ಅನ್ನಭೇದಿಯಲ್ಲವೇ? ಹಸಿರು ಹರಳು. ನಮ್ಮ ಅಜ್ಜ ಅಳಲೆಕಾಯಿ ಜೊತೆ ಹಾಕಿ ನೂಲು ಕಪ್ಪು ಮಾಡುತ್ತಿದ್ದರು. ನಾನು ಅದೇ ಅನ್ನಭೇದಿಯನ್ನು ಬಣ್ಣದ ನೀರಿಗೆ ಹಾಕಿ, ಸ್ವಲ್ಪ ಸುಣ್ಣದ ತಿಳಿ ಬಿಟ್ಟು, ಕಲಕಿ ರಾತ್ರಿಯಿಡೀ ಬಿಡುತ್ತೇನೆ. ಬೆಳಗ್ಗೆ ಕೆಳಗೆ ಪಾಚಿ ಹಸಿರಿನ ಕೆಸರು, ಗಾಳಿ ತಾಗಿದರೆ ತುಕ್ಕಿನ ಬಣ್ಣಕ್ಕೆ ತಿರುಗುತ್ತದೆ. ಮೇಲೆ ನೀರು ತಿಳಿ. ಯಂತ್ರ ಇಲ್ಲ, ಸೂಜಿಗಲ್ಲು ಇಲ್ಲ, ಒಂದು ಡ್ರಮ್ಮು.

ಉಪ್ಪಿನ ಮಾತು ಪಂಪಿನವರು ಸರಿಯಾಗಿ ಹೇಳಿದರು. ಬಣ್ಣದವರಿಗೆ ಇದು ಗೊತ್ತು, ಬಾಯಿ ಬಿಡುವುದಿಲ್ಲ. ಉಪ್ಪು ಹಾಕುವುದು ನೀರಿನ ಲೀಟರ್ ಲೆಕ್ಕಕ್ಕೆ, ನೂಲಿನ ಕೆಜಿ ಲೆಕ್ಕಕ್ಕಲ್ಲ. ಹಂಡೆಯ ನೀರು ಕಡಿಮೆ ಮಾಡಿದರೆ ಉಪ್ಪು ತಾನೇ ಕಡಿಮೆ. 10 ಕೆಜಿಗೆ 200 ಲೀಟರ್ ಯಾಕಪ್ಪಾ? 120ರಲ್ಲಿ ಆಗುತ್ತದೆ. ಆದರೆ ಲಡಿ ತಿರುವುತ್ತಲೇ ಇರಬೇಕು, ಕೈ ನಿಲ್ಲಿಸಿದರೆ ಪಟ್ಟೆ ಬೀಳುತ್ತದೆ. ಆಳಿಗೆ ಮೊಬೈಲ್ ಕೊಟ್ಟು ಕೂರಿಸಿದರೆ ಆಗುವ ಕೆಲಸ ಅಲ್ಲ.

ಸಾಧನಕೇರಿಮಳೆ · 1:40

ಅಜ್ಜಾರೆ, ನೀವು ಮಾಡುವುದು ಪಕ್ಕಾ ರಸಾಯನಶಾಸ್ತ್ರ. ಅನ್ನಭೇದಿ ಅನೇಕ ಬಣ್ಣಗಳ ಬೆನ್ನೆಲುಬನ್ನೇ ಮುರಿಯುತ್ತದೆ, ಮೇಲೆ ಹಿಂಜಿದ ಹತ್ತಿಯಂಥ ಕಬ್ಬಿಣದ ಮುದ್ದೆ ಆಗಿ ಮಿಕ್ಕ ಬಣ್ಣವನ್ನೂ ಹೊತ್ತು ತಳಕ್ಕೆ ಇಳಿಯುತ್ತದೆ. ಮ್ಯಾಗ್ನೆಟೈಟ್ ಮಾಡುವುದಕ್ಕೂ ಅದೇ ಅನ್ನಭೇದಿ ಬೇಕು. ಅಣ್ಣ ತಮ್ಮಂದಿರೇ.

ಒಂದು ಎಚ್ಚರಿಕೆ. ಮುರಿದ ಬಣ್ಣದ ತುಂಡುಗಳು ಎಲ್ಲವೂ ಸಾಧು ಅಲ್ಲ. ಆ ಕೆಸರನ್ನು ತಿಪ್ಪೆಗೆ, ಹೊಲಕ್ಕೆ ಹಾಕಬೇಡಿ.

ಹಳೇಪಂಪು · 1:52

ಇನ್ನೊಂದು. ಅನ್ನಭೇದಿ ತಾನೂ ಒಂದು ಉಪ್ಪೇ. ಬಣ್ಣ ಇಳಿಸುವಾಗ ಕರಗಿದ ಉಪ್ಪನ್ನು ಸ್ವಲ್ಪ ಏರಿಸುತ್ತದೆ. ಬೇಕಾದಷ್ಟೇ ಹಾಕು, ಕೈ ಹಿಡಿತ ಇರಲಿ.

ಡಬ್ಬಿಮೆಣಸಿನಕಾಯಿ · 2:20

ಬಣ್ಣದ ನೀರು ಅಂದರೆ ಬರೀ ನೇಕಾರರ ಮೇಲೆ ಯಾಕೆ? ಹುಬ್ಬಳ್ಳಿಯ ರಂಗಪಂಚಮಿ ದಿನ ಎಷ್ಟು ಬಣ್ಣ ಗಟಾರ ಸೇರುತ್ತದೆ ನೋಡಿದ್ದೀರಾ? ಎರಡು ದಿನ ನಮ್ಮ ಅಣ್ಣನ ಕಿವಿ ಹಸಿರು ಇತ್ತು.

ಗಿರ್ಮಿಟ್‌ಎರಡುಪ್ಲೇಟ್ · 2:26

ಗೋಬಿ ಮಂಚೂರಿಯ ಕೆಂಪು ಬಣ್ಣ ಬಿಟ್ಟಿರಲ್ಲ. ತಿಂದು ಕೈ ತೊಳೆದರೆ ಬೇಸಿನ್ನೇ ಕೆಂಪು.

ಎಮ್ಮೆಸ್ಸಿಮುಗೀತು · 2:35

ಗೋಬಿಗೆ ಕೃತಕ ಬಣ್ಣ ಹಾಕಬಾರದು ಅಂತ 2024ರ ಮಾರ್ಚ್‌ನಲ್ಲೇ ರಾಜ್ಯ ಸರ್ಕಾರ ಹೇಳಿದೆ. ಬೊಂಬಾಯಿ ಮಿಠಾಯಿಗೆ ಹಾಕುವ ರೋಡಮಿನ್-ಬಿ ಬಣ್ಣವನ್ನೂ ಆಗಲೇ ನಿಷೇಧಿಸಿದರು. ಆ ರೋಡಮಿನ್ ನಮ್ಮ ಲ್ಯಾಬಿನ ಸ್ಯಾಂಪಲ್. ಬಾಟಲಿ ಮೇಲೆ ಕೈಗವಸು ಹಾಕಿಕೊಳ್ಳಿ ಅಂತ ಬರೆದಿರುತ್ತದೆ, ನಾವು ಚಿಕ್ಕಂದಿನಲ್ಲಿ ನೆಕ್ಕಿ ತಿಂದಿದ್ದೇವೆ.

ಗಿರ್ಮಿಟ್‌ಎರಡುಪ್ಲೇಟ್ · 2:37

ಗಿರ್ಮಿಟ್ ಒಂದೇ ಸತ್ಯ. ಅದಕ್ಕೆ ಬಣ್ಣವೂ ಬೇಡ, ನ್ಯಾನೋನೂ ಬೇಡ.

ನಿರ್ವಾಹಕ · 3:00

ಗೋಬಿ ಚರ್ಚೆ ಊಟ-ತಿಂಡಿ ವಿಭಾಗದಲ್ಲಿ. ಯಂತ್ರ ಮಾರುವವರ ಹೆಸರು, ಫೋನ್ ನಂಬರ್ ಇಲ್ಲಿ ಹಾಕಬೇಡಿ. ಎರಡು ಕಾಮೆಂಟ್ ತೆಗೆದಿದ್ದೇನೆ.

ಮುಂಡರಗಿಎರೆ · ಸಂಜೆ 5:30

ಬಣ್ಣದ್ದು ಬಿಡಿ. ನಮ್ಮ ಕಡೆ ಬೋರ್ ನೀರಿನಲ್ಲಿ ಫ್ಲೋರೈಡ್. ಹಲ್ಲು ಹಳದಿ, ಐವತ್ತಕ್ಕೇ ಮಂಡಿ ಹಿಡಿದು ಏಳುವವರು ಎಷ್ಟು ಮಂದಿ. ಈ ಕರಿ ಪುಡಿ ಫ್ಲೋರೈಡ್ ತೆಗೆಯುತ್ತದಾ? ಇನ್ನೊಂದು, ಚಿಕ್ಕವರಿದ್ದಾಗ ಒಡೆದ ಸ್ಪೀಕರಿನ ಸೂಜಿಗಲ್ಲಿಗೆ ದಾರ ಕಟ್ಟಿ ಹಳ್ಳದ ಮರಳಲ್ಲಿ ಎಳೆಯುತ್ತಿದ್ದೆವು. ಮುಷ್ಟಿ ಮುಷ್ಟಿ ಕರಿ ಪುಡಿ ಬರುತ್ತಿತ್ತು. ಕಪ್ಪತಗುಡ್ಡದ ಕಡೆಯಿಂದ ಹರಿದುಬಂದದ್ದು. ಅದನ್ನೇ ಬಳಸಿದರೆ ಆಗದಾ? ಪುಕ್ಕಟೆ ಸಿಗುತ್ತದೆ.

ಸಾಧನಕೇರಿಮಳೆ · 6:15

ಎರಡನೆಯದಕ್ಕೆ ಮೊದಲು. ಹಳ್ಳದ ಕರಿ ಮರಳಿನಲ್ಲೂ ಮ್ಯಾಗ್ನೆಟೈಟ್ ಇರುತ್ತದೆ, ನಿಮ್ಮ ಅಂದಾಜು ಸರಿ. ಆದರೆ ಒಂದು ಕಾಳು 100 ಮೈಕ್ರಾನ್ ಅಂತ ಹಿಡಿಯಿರಿ. ನ್ಯಾನೋ ಕಣಕ್ಕಿಂತ 10 ಸಾವಿರ ಪಟ್ಟು ದೊಡ್ಡದು, ಮೈ ಅಷ್ಟೇ ಪಟ್ಟು ಕಡಿಮೆ. ಒಂದು ಗ್ರಾಮಿಗೆ ಒಂದು ಅಂಗೈ ಅಗಲ ಸಿಗುತ್ತದೆ. ಒಂದು ಗುಂಟೆ ಎಲ್ಲಿ, ಅಂಗೈ ಎಲ್ಲಿ? ಆದರೆ ಆ ಆಟ ನಾನೂ ಆಡಿದ್ದೇನೆ.

ಫ್ಲೋರೈಡಿಗೆ ಬರೀ ಮ್ಯಾಗ್ನೆಟೈಟ್ ಸಾಲದು. ಅಲ್ಯುಮಿನಾದಂಥದ್ದನ್ನು (ಅಲ್ಯುಮಿನಿಯಂ ಮತ್ತು ಆಕ್ಸಿಜನ್ ಸೇರಿದ್ದು) ಹೊದಿಸಿ ಮಾಡಿದ ಪ್ರಯೋಗಗಳಿವೆ. ಕಬ್ಬಿಣದ ಪುಡಿಗೆ ನಿಜವಾದ ಪ್ರೀತಿ ಆರ್ಸೆನಿಕ್ ಮೇಲೆ. 2006ರಲ್ಲಿ ಅಮೆರಿಕದ ರೈಸ್ ವಿಶ್ವವಿದ್ಯಾಲಯದವರು 12 ನ್ಯಾನೋಮೀಟರ್ ಕಣಗಳಿಂದ ಆರ್ಸೆನಿಕ್ ಹಿಡಿದು, ಸಾಧಾರಣ ಬಲದ ಸೂಜಿಗಲ್ಲಿನಿಂದಲೇ ಹೊರಗೆಳೆದು ತೋರಿಸಿದರು. ಅಷ್ಟು ಸಣ್ಣ ಕಣ ಅಷ್ಟು ಕಡಿಮೆ ಬಲಕ್ಕೆ ಬರುತ್ತದೆ ಅಂತ ಯಾರೂ ಅಂದುಕೊಂಡಿರಲಿಲ್ಲ. ಆಗಿನಿಂದ ಈ ವಿಷಯಕ್ಕೆ ಜೀವ ಬಂತು.

ಫ್ಲೋರೈಡಿಗೆ ನಾಗಪುರದ ನೀರಿ ಸಂಸ್ಥೆ ಮಾಡಿದ ನಲ್ಗೊಂಡಾ ವಿಧಾನ ಇದೆ, ಪಟಿಕ ಮತ್ತು ಸುಣ್ಣ. ಆಕ್ಟಿವೇಟೆಡ್ ಅಲ್ಯುಮಿನಾ ಇದೆ. ನಿಮ್ಮ ಊರಿನಲ್ಲಿ ಆರ್‌ಓ ಘಟಕ ಇರಬೇಕಲ್ವಾ?

ಮುಂಡರಗಿಎರೆ · 6:31

ಇದೆ. ನಾಣ್ಯ ಹಾಕಿದರೆ ಕೊಡ ತುಂಬುತ್ತದೆ. ಆರು ತಿಂಗಳು ನಡೆಯುತ್ತದೆ, ಆರು ತಿಂಗಳು ಕೆಟ್ಟಿರುತ್ತದೆ. ನಡೆದಾಗ ಅದರ ಹಿಂದಿನ ಪೈಪಿನಿಂದ ಬರುವ ಫ್ಲೋರೈಡ್ ನೀರು ಮತ್ತೆ ಗಟಾರಕ್ಕೇ.

ಕರಿಪುಡಿಹುಡುಗಿ · ರಾತ್ರಿ 8:00

ಆ ಲೋಟದ ಹುಡುಗಿ ನಾನೇ. ಮಾಮ ಲಿಂಕ್ ಕಳಿಸಿದರು. ವಾಕರ್ ಅಂಕಲ್, ನಾವು ಯಾರಿಗೂ ಟೋಪಿ ಹಾಕಲಿಲ್ಲ. ಬಣ್ಣ ಕಾಂಗೋ ರೆಡ್, ನೀರು ಡಿಸ್ಟಿಲ್ಡ್, ಎರಡನ್ನೂ ಪೋಸ್ಟರಿನಲ್ಲಿ ಬರೆದಿತ್ತು. ಮೊದಲ ಸಲ ಆಸಿಡ್ ಜಾಸ್ತಿಯಾಗಿ ಕಾಂಗೋ ರೆಡ್ ನೀಲಿಗೆ ತಿರುಗಿ, ಎಲ್ಲ ಕೆಟ್ಟಿತು ಅಂತ ಅತ್ತಿದ್ದೆ. ಅದನ್ನೂ ಬರೆಯಬೇಕಿತ್ತೇನೋ. ಮಾಮನ ಹಂಡೆಯ ನೀರಿಗೆ ಇದು ಹಾಗೇ ನಡೆಯುತ್ತದೆ ಅಂತ ನಾನು ಹೇಳೇ ಇಲ್ಲ. "ಮಾಡಬಹುದಲ್ವಾ ಮಾಮಾ" ಅಂತ ಕೇಳಿದ್ದೆ ಅಷ್ಟೇ. ಅದನ್ನು ಯಂತ್ರ ಮಾಡಿದ್ದು ಬೇರೆಯವರು.

ಮತ್ತೆ ಒಂದು ಪ್ರಶ್ನೆ. ಪುಡಿ ತುಂಬಿದ ಮೇಲೆ ಅದರ ಬಣ್ಣವನ್ನು ಹೈಡ್ರೋಜನ್ ಪೆರಾಕ್ಸೈಡ್ ಹಾಕಿ ಸುಡಬಹುದು ಅಂತ ಓದಿದೆ. ಆಗ ಕೆಸರೂ ಉಳಿಯುವುದಿಲ್ಲ, ಅಲ್ವಾ?

ಉಣಕಲ್‌ವಾಕರ್ · 8:09

ಮಗಳೇ, ನಿನಗೆ ಹೇಳಿದ್ದಲ್ಲ. ಮಾರುವವನಿಗೆ ಹೇಳಿದ್ದು. ತಪ್ಪು ತಿಳಿಯಬೇಡ.

ಎಮ್ಮೆಸ್ಸಿಮುಗೀತು · 8:30

ತಂಗಿ, ಒಳ್ಳೆ ಪ್ರಶ್ನೆ. ಕಬ್ಬಿಣ ಮತ್ತು ಪೆರಾಕ್ಸೈಡ್ ಸೇರಿದರೆ ಬಣ್ಣವನ್ನು ಚೂರು ಮಾಡುವ ತುಂಬಾ ಚುರುಕಿನ ಕಣಗಳು ಹುಟ್ಟುತ್ತವೆ. ಮ್ಯಾಗ್ನೆಟೈಟ್ ಕಣಗಳು ಕಿಣ್ವದ ಹಾಗೆ ಪೆರಾಕ್ಸೈಡನ್ನು ಬಳಸುತ್ತವೆ ಅಂತ ಚೀನಾದವರು 2007ರಲ್ಲಿ ತೋರಿಸಿದ ಮೇಲೆ ಇದರ ಬಗ್ಗೆ ಬೇಕಾದಷ್ಟು ಕೆಲಸ ಆಗಿದೆ. ಆದರೆ ಅದಕ್ಕೆ ಪಿಎಚ್ 3ರ ಹತ್ತಿರ ಇಷ್ಟ. ನಿನ್ನ ಮಾಮನದು 11. ಅಷ್ಟು ಇಳಿಸುವ ಆಸಿಡ್ ಎಲ್ಲಿಂದ ತರುತ್ತೀ? ಇಳಿಸಿದ ಮೇಲೆ ಮತ್ತೆ ಉಪ್ಪೇ ತಯಾರಾಗುತ್ತದೆ. ಪುಡಿಯನ್ನು ಬೇರೆ ತೆಗೆದು, ಸ್ವಲ್ಪ ನೀರಿನಲ್ಲಿ ಮಾಡಿದರೆ ಲೆಕ್ಕ ಬೇರೆ. ಅಲ್ಲಿ ಸೂಜಿಗಲ್ಲಿನ ಉಪಯೋಗ ನಿಜವಾಗಿ ಕಾಣುತ್ತದೆ. 600 ಲೀಟರಿನ ಕಸವನ್ನು ಒಂದು ಬಕೀಟಿಗೆ ತರುತ್ತದಲ್ಲ.

ಹಳೇಪಂಪು · 9:05

ತಮಿಳುನಾಡಿನ ತಿರುಪ್ಪೂರಿನ ಕತೆ ಎಲ್ಲರೂ ಒಮ್ಮೆ ಓದಿ. ಅಲ್ಲಿಯ ಬಣ್ಣದ ಮನೆಗಳ ನೀರು ನೊಯ್ಯಲ್ ನದಿಗೆ ಹೋಗಿ, ಕೆಳಗಿನ ಒರತ್ತುಪಾಳಯಂ ಅಣೆಕಟ್ಟಿನ ನೀರು ರೈತರಿಗೆ ಬಾರದಂತಾಯಿತು. 2011ರ ಜನವರಿಯಲ್ಲಿ ಮದ್ರಾಸ್ ಹೈಕೋರ್ಟ್ ಬಣ್ಣದ ಘಟಕಗಳನ್ನೇ ಮುಚ್ಚಿಸಿತು. ಅಲ್ಲಿಯೂ ರೈತರ ಹೊಲ ಕೆಡಿಸಿದ್ದರಲ್ಲಿ ದೊಡ್ಡ ಪಾಲು ಉಪ್ಪಿನದು. ಈಗ ಹನಿಯೂ ಹೊರಗೆ ಬಿಡಬಾರದು ಅನ್ನುವ ನಿಯಮದಲ್ಲಿ ನಡೆಸುತ್ತಾರೆ. ಆರ್‌ಓ, ಆವಿ ಮಾಡುವ ಯಂತ್ರ, ಹತ್ತಾರು ಮನೆಗಳಿಗೆ ಸೇರಿ ಒಂದು ಘಟಕ. ಬೆಟಗೇರಿಯಲ್ಲೂ ಹತ್ತು ಮನೆಯವರು ಕೂಡಿದರೆ ಮಾತಾಡಬಹುದು. ಒಬ್ಬೊಬ್ಬರಾಗಿ ಯಂತ್ರ ಕೊಂಡರೆ ಮಾರುವವನು ಮಾತ್ರ ಉದ್ಧಾರ.

ತಮ್ಮಾ, ಅವನು ಮತ್ತೆ ಬಂದರೆ ಒಂದೇ ಕೆಲಸ ಮಾಡು. ನಿನ್ನ ಹಂಡೆಯ ನೀರನ್ನೇ ಒಂದು ಕ್ಯಾನ್ ಕೊಟ್ಟು, ನಿನ್ನ ಕಣ್ಣ ಮುಂದೆ ಮಾಡಿ ತೋರಿಸು ಅನ್ನು. ಮಾಡುವ ಮೊದಲೂ ಆಮೇಲೂ ಟಿಡಿಎಸ್ ಮೀಟರ್, ಅಂದರೆ ಕರಗಿದ ಉಪ್ಪು ಅಳೆಯುವ ಮೀಟರ್, ಅದ್ದು. ಮೀಟರ್ ಪೇಟೆಯಲ್ಲಿ ಅಗ್ಗಕ್ಕೆ ಸಿಗುತ್ತದೆ.

ಬಣ್ಣದಹಂಡೆ · ಹನ್ನೆರಡು ದಿನ ಬಿಟ್ಟು, ಭಾನುವಾರ

ಎಲ್ಲರಿಗೂ ಬಾಕಿ ಇದ್ದ ವರದಿ.

ಮಾರುವವನು ಬಂದಿದ್ದ. ಕ್ಯಾನ್ ಮುಂದಿಟ್ಟೆ. "ಡೆಮೋಗೆ ನಮ್ಮದೇ ಸ್ಯಾಂಪಲ್ ಇದೆ" ಅಂದ. ನನ್ನದರಲ್ಲೇ ಮಾಡು ಅಂದೆ. ಫೋನ್ ಬಂತು ಅಂತ ಹೊರಗೆ ಹೋದವನು ತಿರುಗಿ ಬರಲಿಲ್ಲ. ಅವನ ಛತ್ರಿ ಇನ್ನೂ ನಮ್ಮ ಬಾಗಿಲಲ್ಲಿದೆ.

ಮೀಟರ್ ತಗೊಂಡೆ. ನೇರ ಅದ್ದಿದರೆ ಅಂಕಿಯೇ ತೋರಿಸಲಿಲ್ಲ, ಅದರ ಅಳತೆ ಮೀರಿತ್ತು. ತಂಗಿಯ ಮಗಳು ಹೇಳಿದಂತೆ ಒಂದು ಲೋಟಕ್ಕೆ ಒಂಬತ್ತು ಲೋಟ ಆರ್‌ಓ ನೀರು ಬೆರೆಸಿ ನೋಡಿದೆ. 2,140 ಬಂತು. ಹತ್ತರಿಂದ ಗುಣಿಸಿದೆ. ಪಂಪಿನ ಸರ್ ಕೂತಲ್ಲೇ ಹಾಕಿದ ಲೆಕ್ಕ ಅದೇ. ಅಜ್ಜಿಯ ಬೋರ್ ನೀರಿಗೂ ಅದ್ದಿದೆ. ಆ ಅಂಕಿ ಇಲ್ಲಿ ಬರೆಯುವುದಿಲ್ಲ. ನಮ್ಮ ಮನೆಯಿಂದ ದಿನಾ ಎರಡು ಕೊಡ ನಳದ ನೀರು ಅವರಿಗೆ ಹೋಗುತ್ತಿದೆ.

ಗಜೇಂದ್ರಗಡದ ಅಜ್ಜಾರು ಹೇಳಿದಂತೆ ಹಂಡೆಯ ನೀರನ್ನು 120 ಲೀಟರಿಗೆ ಇಳಿಸಿದೆ. ಉಪ್ಪು 10 ಕೆಜಿ ಇದ್ದದ್ದು 6ಕ್ಕೆ ಬಂತು. ಮೊದಲ ದಿನ ಪಟ್ಟೆ ಬಿದ್ದು ಎರಡು ಕೆಜಿ ನೂಲು ಹಾಳು, ತಮ್ಮನಿಗೂ ನನಗೂ ಮಾತಿಲ್ಲ. ನಾಲ್ಕನೇ ದಿನಕ್ಕೆ ಕೈ ಕುದುರಿತು. ತೊಳೆದ ನೀರಿಗೆ ಅನ್ನಭೇದಿ. ಸೋಡಾ ಮೊದಲೇ ಇರುವುದರಿಂದ ಸುಣ್ಣ ಅಷ್ಟು ಬೇಕಾಗಲಿಲ್ಲ. ಕಡುನೀಲಿ ಚೆನ್ನಾಗಿ ಇಳಿಯಿತು, ಒಂದು ಹಳದಿ ಮಾತ್ರ ಹಟ ಮಾಡುತ್ತಿದೆ. ಕೆಸರು ಒಣಗಿಸಿ ಚೀಲದಲ್ಲಿ ಕಟ್ಟಿಟ್ಟಿದ್ದೇನೆ. ಎಲ್ಲಿಗೆ ಕೊಡುವುದು ಅನ್ನುವುದು ಇನ್ನೂ ಬಗೆಹರಿದಿಲ್ಲ.

ಹಂಡೆಯ ಮೊದಲ ಉಪ್ಪು ನೀರನ್ನು ಗಟಾರಕ್ಕೆ ಬಿಡದೆ, ಹಿತ್ತಲಲ್ಲಿ ತಾಡಪತ್ರಿ ಹಾಸಿ ಎರಡು ಬೆರಳು ಆಳಕ್ಕೆ ಬಿಟ್ಟಿದ್ದೇನೆ. ಒಣಗಲು ಐದು ದಿನ. ದಿನಾ ಹಂಡೆ ಇಳಿಯುತ್ತದೆ, ಹಿತ್ತಲು ಇರುವುದು ಒಂದೇ. ತಳದಲ್ಲಿ ನಸುಗೆಂಪು ಉಪ್ಪಿನ ಪದರ. ಮೊನ್ನೆ ಪಕ್ಕದ ಮನೆಯ ಎಮ್ಮೆ ನೆಕ್ಕಲು ಬಂದಿತ್ತು, ಓಡಿಹೋಗಿ ತಡೆದೆ. ಮಳೆಗಾಲಕ್ಕೆ ಏನು ಮಾಡುವುದು, ಹೇಳಿ.

ಹಳೇಪಂಪು · ಭಾನುವಾರ

ಮೇಲೆ ತಗಡು ಹಾಕು, ಪಕ್ಕಗಳು ಬಯಲಿರಲಿ. ನಿಮ್ಮ ಓಣಿಯ ಬೇರೆ ಬಣ್ಣದವರನ್ನು ಒಂದು ದಿನ ಕರೆ, ನಾನು ಗದಗಕ್ಕೆ ಬರುತ್ತೇನೆ. ಬಸ್ ಚಾರ್ಜ್ ಬೇಡ, ಊಟ ಇರಲಿ. ಕೆಸರಿನ ಚೀಲಗಳು ಒಬ್ಬನ ಮನೆಯಲ್ಲಿದ್ದರೆ ಯಾರೂ ಒಯ್ಯುವುದಿಲ್ಲ, ಹತ್ತು ಮನೆಯವು ಸೇರಿದರೆ ಒಂದು ಗಾಡಿ ಆಗುತ್ತದೆ.

ಲಡಿಲೆಕ್ಕ · ಭಾನುವಾರ

ಹಳದಿ ಹಟ ಮಾಡಿದರೆ ಅನ್ನಭೇದಿ ಏರಿಸಬೇಡ, ಹೊತ್ತು ಏರಿಸು. ಎರಡು ರಾತ್ರಿ ಬಿಡು.

ಕರಿಪುಡಿಹುಡುಗಿ · ಭಾನುವಾರ

ನಾನು ಮಾಮನ ನೀರಿನ ಎರಡು ಕ್ಯಾನ್ ಕಾಲೇಜಿಗೆ ತಂದಿದ್ದೇನೆ. ಅನ್ನಭೇದಿಗೆ ಬಗ್ಗದ ಆ ಹಳದಿಯ ಮೇಲೆ ಕೈಟೋಸಾನ್ ಹೊದಿಸಿದ ಪುಡಿ ನೋಡಬೇಕು ಅಂತ. ನಮ್ಮ ಕಾಲೇಜಿನ ಮೇಡಂ ಒಪ್ಪಿದ್ದಾರೆ. ಎಮ್ಮೆಸ್ಸಿ ಅಣ್ಣ, ಕೈಟೋಸಾನ್ ಯಾವುದರಿಂದ ಮಾಡುತ್ತಾರೆ?

ಎಮ್ಮೆಸ್ಸಿಮುಗೀತು · ಭಾನುವಾರ

ಸಿಗಡಿ, ಏಡಿ ಸಿಪ್ಪೆಯಿಂದ.

ಬಣ್ಣದಹಂಡೆ · ಭಾನುವಾರ

ಅದನ್ನು ನಮ್ಮ ಹಂಡೆಯ ಹತ್ತಿರ ತರುವ ಮೊದಲು ಒಂದು ಮಾತು ಹೇಳು ಮಗಳೇ. ನಿಮ್ಮ ಅಜ್ಜಿಗೆ ಗೊತ್ತಾದರೆ ನನ್ನನ್ನೂ ಹಂಡೆಯನ್ನೂ ಸೇರಿಸಿ ಹೊರಗೆ ಹಾಕುತ್ತಾಳೆ.